ಏಳು ವಿದ್ಯಾರ್ಥಿಗಳಿಂದ ಮಂಗಳೂರಿನ ತನಕ: ಬಾಸೆಲ್ ಶಾಲೆಯ ಬ್ಲೂಮ್‌ಹಾರ್ಟ್

ಮಂಗಳೂರಿನ ಹಂಚು, ನೇಯ್ಗೆ, ಅಚ್ಚುಕೂಟಗಳ ಮಾತು ಬಂದಾಗಲೆಲ್ಲ ಬಾಸೆಲ್ ಮಿಶನ್‌ನ ಹೆಸರು ಕೇಳಿಬರುತ್ತದೆ. ಹರ್ಮನ್ ಮೋಗ್ಲಿಂಗ್, ಫರ್ಡಿನಾಂಡ್ ಕಿಟೆಲ್ ಅವರನ್ನು ಕನ್ನಡಿಗರಿಗೆ ಹೊಸದಾಗಿ ಪರಿಚಯಿಸಬೇಕಾಗಿಲ್ಲ. ಆದರೆ ಈ ಸಂಸ್ಥೆ ತನ್ನದೇ ಮಿಶನರಿಗಳನ್ನು ಹೊರದೇಶಗಳಿಗೆ ಕಳುಹಿಸಲೆಂದು ಹುಟ್ಟಿದ್ದಲ್ಲ. ಬೇರೆ ಸಂಘಗಳಿಗೆ ಬೇಕಾದ ಧರ್ಮಪ್ರಚಾರಕರನ್ನು ತರಬೇತುಗೊಳಿಸಿಕೊಡುವ ಶಾಲೆಯಾಗಿ ಅದು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಆರಂಭವಾಯಿತು. ಆ ಶಾಲೆಯನ್ನು ಮೊದಲ ದಿನದಿಂದ ತಮ್ಮ ಸಾವಿನವರೆಗೆ 22 ವರ್ಷ ನಡೆಸಿದವರು ಕ್ರಿಸ್ಟಿಯಾನ್ ಗೊಟ್ಲೀಬ್ ಬ್ಲೂಮ್‌ಹಾರ್ಟ್.

1779ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಜನಿಸಿದ ಬ್ಲೂಮ್‌ಹಾರ್ಟ್ ಟ್ಯೂಬಿಂಗನ್‌ನಲ್ಲಿ ದೇವತಾಶಾಸ್ತ್ರ ಓದಿದರು. 1803ರಲ್ಲಿ ಬಾಸೆಲ್‌ಗೆ ಬಂದು ಅಲ್ಲಿನ ಭಕ್ತರ ಕೂಟವೊಂದರ ಕಾರ್ಯದರ್ಶಿಯಾದರು. ಯುರೋಪಿನ ನಾನಾ ಊರುಗಳ ಪತ್ರಗಳನ್ನು ಓದುವುದು, ಸುದ್ದಿಗಳನ್ನು ಆಯ್ದು ಹಂಚುವುದು ಅವರ ಕೆಲಸವಾಗಿತ್ತು. ನಾಲ್ಕು ವರ್ಷಗಳ ನಂತರ ತಾಯ್ನಾಡಿಗೆ ಮರಳಿ ಸಣ್ಣ ಊರೊಂದರ ಪಾದ್ರಿಯಾದರು. ಅವರ ಹಳೆಯ ಜೊತೆಗಾರ ಕ್ರಿಸ್ಟಿಯಾನ್ ಫ್ರೆಡ್ರಿಕ್ ಸ್ಪಿಟ್ಲರ್ ಮಾತ್ರ ಬಾಸೆಲ್‌ನಲ್ಲೇ ಉಳಿದು ಮಿಶನರಿ ಶಾಲೆಯೊಂದರ ಕನಸು ಕಾಣುತ್ತಿದ್ದರು.

1815ರ ಬೇಸಿಗೆಯಲ್ಲಿ, ನೆಪೋಲಿಯನ್ ಸೋತ ಮೇಲೂ, ಗಡಿಯಾಚೆಯ ಹ್ಯೂನಿಂಗನ್ ಕೋಟೆಯಲ್ಲಿದ್ದ ಫ್ರೆಂಚರು ಬಾಸೆಲ್ ಮೇಲೆ ಗುಂಡಿನ ಮಳೆಗರೆದರು. ನಗರ ಉಳಿಯಿತು. ಈ ಪಾರಾಗುವಿಕೆಗೆ ಸಲ್ಲಿಸಬೇಕಾದ ಕೃತಜ್ಞತೆಯೇ ಶಾಲೆಯಾಗಿ ರೂಪುಗೊಂಡಿತೆಂದು ಬಾಸೆಲ್‌ನ ಭಕ್ತರು ಮುಂದೆ ಹೇಳಿಕೊಂಡು ಬಂದರು. ಸ್ಪಿಟ್ಲರ್ ಅವರ ಪಟ್ಟುಬಿಡದ ಓಡಾಟಕ್ಕೂ ಅದರಲ್ಲಿ ಪಾಲು ಸಲ್ಲಬೇಕು. ಅದೇ ವರ್ಷದ ಸೆಪ್ಟೆಂಬರ್ 25ರಂದು ಪಾದ್ರಿ ನಿಕೊಲಾಸ್ ಫಾನ್ ಬ್ರುನ್ ಅವರ ಮನೆಯಲ್ಲಿ ಸಂಘ ಸ್ಥಾಪನೆಯಾಯಿತು. ಶಾಲೆಯ ಹೊಣೆ ಹೊರಲು ಬ್ಲೂಮ್‌ಹಾರ್ಟ್ ಅವರನ್ನು ಕರೆಸಲಾಯಿತು. 1816ರ ಆಗಸ್ಟ್‌ನಲ್ಲಿ ಪಾಠ ಆರಂಭವಾದಾಗ ಇದ್ದ ವಿದ್ಯಾರ್ಥಿಗಳು ಏಳೇ ಮಂದಿ. ಬ್ಲೂಮ್‌ಹಾರ್ಟ್ ಅವರ ಹುದ್ದೆಗೆ ಇನ್‌ಸ್ಪೆಕ್ಟರ್ ಎಂಬ ಹೆಸರಿತ್ತು. ಪ್ರಾಂಶುಪಾಲ, ಕಾರ್ಯದರ್ಶಿ, ಸಂಪಾದಕ ಮೂರೂ ಅವರೇ.

ಶಾಲೆಗೆ ಸೇರುತ್ತಿದ್ದವರಲ್ಲಿ ಬಹುಪಾಲು ಜನ ಕುಶಲಕರ್ಮಿಗಳ ಮತ್ತು ರೈತರ ಮಕ್ಕಳು. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವರು ವಿರಳ. ಇಂಥವರಿಗೆ ಬೈಬಲಿನ ಜೊತೆಗೆ ಅದರ ಮೂಲಭಾಷೆಗಳನ್ನೂ ಇಂಗ್ಲಿಷನ್ನೂ ಕಲಿಸಲಾಯಿತು. ಸುವಾರ್ತೆಯೊಂದಿಗೆ ಜನಜೀವನಕ್ಕೆ ಉಪಯುಕ್ತವಾದ ತಿಳಿವಳಿಕೆಯನ್ನೂ ಒಯ್ಯಬೇಕೆಂಬುದು ಸ್ಥಾಪಕರ ಆಶಯವಾಗಿತ್ತು. ಜನರ ಭಾಷೆಯನ್ನು ಶ್ರಮಪಟ್ಟು ಕಲಿಯುವ ಅಭ್ಯಾಸದ ಫಲವನ್ನು ಕನ್ನಡ ನಾಡು ಮುಂದೆ ಉಂಡಿತು. 1816ರಲ್ಲೇ ಬ್ಲೂಮ್‌ಹಾರ್ಟ್ ಮಿಶನ್ ಸುದ್ದಿಗಳ ಪತ್ರಿಕೆಯೊಂದನ್ನೂ ಆರಂಭಿಸಿದರು. ಊರೂರಿನ ಓದುಗರೇ ಶಾಲೆಯ ಪೋಷಕರಾದರು.

ಆದರೆ ತರಬೇತಾದವರು ಯಾರ ಪಾಲಿಗೆ? ಲಂಡನ್ನಿನ ಚರ್ಚ್ ಮಿಶನರಿ ಸೊಸೈಟಿಗೆ ಇಂಗ್ಲೆಂಡಿನಲ್ಲಿ ಸಾಕಷ್ಟು ಜನ ಸಿಗುತ್ತಿರಲಿಲ್ಲ. ಬಾಸೆಲ್‌ನಲ್ಲಿ ಜನರಿದ್ದರು, ಕಳುಹಿಸಲು ಹಣವಿರಲಿಲ್ಲ. ಹೀಗಾಗಿ ಹತ್ತಾರು ಬಾಸೆಲ್ ಯುವಕರು ಬ್ರಿಟಿಷ್ ಸಂಘದ ನೌಕರಿಗೆ ಸೇರಿದರು. ಮುಂದೆ ಜೆರುಸಲೇಮಿನ ಬಿಷಪ್ ಆದ ಸ್ಯಾಮ್ಯುಯೆಲ್ ಗೋಬಾ ಅವರಲ್ಲೊಬ್ಬರು. ಆದರೆ ಲೂಥರನ್ ಸಂಪ್ರದಾಯದ ದೀಕ್ಷೆ ಪಡೆದವರನ್ನು ಆಂಗ್ಲಿಕನ್ ಸಭೆ ಪೂರ್ತಿ ಒಪ್ಪುತ್ತಿರಲಿಲ್ಲ. 1825ರಲ್ಲಿ ಲಂಡನ್ ಸಂಘ ಇಸ್ಲಿಂಗ್ಟನ್‌ನಲ್ಲಿ ತನ್ನದೇ ಕಾಲೇಜು ತೆರೆಯಿತು. ಬರಿಯ ಗರಡಿಮನೆಯಾಗಿ ಉಳಿದರೆ ಬಾಸೆಲ್‌ಗೆ ಭವಿಷ್ಯವಿರಲಿಲ್ಲ.

ಅಷ್ಟರಲ್ಲಾಗಲೇ ಬ್ಲೂಮ್‌ಹಾರ್ಟ್ ಮತ್ತು ಸಮಿತಿ ಸ್ವಂತ ದಾರಿ ಹಿಡಿದಿದ್ದರು. 1820ರ ದಶಕದ ಆರಂಭದಲ್ಲಿ ಅಗಸ್ಟ್ ಡಿಟ್ರಿಚ್ ಮತ್ತು ಫೆಲಿಸಿಯಾನ್ ಜರೆಂಬಾ ರಷ್ಯಾದ ಆಳ್ವಿಕೆಯಲ್ಲಿದ್ದ ಕಾಕಸಸ್‌ಗೆ ಹೊರಟರು. ಶುಷಾ ಎಂಬಲ್ಲಿ ಕೇಂದ್ರ, ಅಚ್ಚುಕೂಟ ನಿಂತವು. 1835ರಲ್ಲಿ ರಷ್ಯಾದ ಚಕ್ರವರ್ತಿಯ ಆಜ್ಞೆಯಿಂದ ಎಲ್ಲವೂ ನಿಂತುಹೋಯಿತು.

ಆಫ್ರಿಕದ ಕಥೆ ಇನ್ನೂ ಕಠೋರ. ಗುಲಾಮರ ವ್ಯಾಪಾರದಿಂದ ಕರಿಯ ಜನರ ಮೇಲೆ ಕ್ರೈಸ್ತರೆನಿಸಿಕೊಂಡವರೇ ಎಸಗಿದ ಕ್ರೌರ್ಯವನ್ನು ಸದಾ ನೆನಪಿನಲ್ಲಿಟ್ಟು ವಿನಯದಿಂದ ನಡೆಯಬೇಕೆಂದು ಬ್ಲೂಮ್‌ಹಾರ್ಟ್ ಅಲ್ಲಿಗೆ ಹೊರಟವರಿಗೆ ಸೂಚಿಸಿದ್ದರು. ಆ ಕಾಲದ ಯುರೋಪಿನಲ್ಲಿ ಇದು ಅಪರೂಪದ ಮಾತು. 1828ರ ಕೊನೆಗೆ ನಾಲ್ವರು ಯುವಕರು ಈಗಿನ ಘಾನಾದ ಕರಾವಳಿಯನ್ನು ಮುಟ್ಟಿದರು. ಒಂದು ವರ್ಷ ತುಂಬುವುದರೊಳಗೆ ಮೂವರು ತೀರಿಕೊಂಡರು, ನಾಲ್ಕನೆಯವರು 1831ರಲ್ಲಿ. ಮತ್ತೆ ಮೂವರು ಹೋದರು, ಬಳಿಕ ಇನ್ನಿಬ್ಬರು. ಹತ್ತು ವರ್ಷಗಳಲ್ಲಿ ಹೋದ ಒಂಬತ್ತು ಮಂದಿಯಲ್ಲಿ ಎಂಟು ಮಂದಿ ಮಣ್ಣಾದರು. ಉಳಿದ ಆಂಡ್ರಿಯಾಸ್ ರೀಸ್ ಅವರನ್ನು ಬದುಕಿಸಿದ್ದು ಸ್ಥಳೀಯ ನಾಟಿವೈದ್ಯ. ಕಲಿಸಲೆಂದು ಹೋದವರು ಜೀವ ಉಳಿಸಿಕೊಳ್ಳಲು ಅಲ್ಲಿಯವರನ್ನೇ ಆಶ್ರಯಿಸಬೇಕಾಯಿತು. ತಮ್ಮ ಕೈಯಾರೆ ಓದಿಸಿದ ಹುಡುಗರ ಸಾವಿನ ಸುದ್ದಿಯನ್ನು ಇನ್‌ಸ್ಪೆಕ್ಟರ್ ಮತ್ತೆ ಮತ್ತೆ ಕೇಳಬೇಕಾಯಿತು. ಆದರೂ ಕಳುಹಿಸುವುದು ನಿಲ್ಲಲಿಲ್ಲ. ಅದನ್ನು ನಿಷ್ಠೆಯೆಂದು ಹೊಗಳಿದವರಿದ್ದಾರೆ. ಹವೆಯನ್ನೂ ಜ್ವರವನ್ನೂ ಅರಿಯದೆ ಯುವಕರನ್ನು ಅಟ್ಟಿದ ಹೊಣೆಯಿಂದ ಬಾಸೆಲ್ ಸಮಿತಿಯನ್ನು ಬಿಡುಗಡೆ ಮಾಡುವುದು ಮಾತ್ರ ಸುಲಭವಲ್ಲ.

ಭಾರತದ ಬಾಗಿಲು ತೆರೆದದ್ದು 1833ರ ಚಾರ್ಟರ್ ಕಾಯ್ದೆಯಿಂದ. ಬ್ರಿಟಿಷರಲ್ಲದ ಮಿಶನರಿಗಳಿಗೂ ಆಗ ಅವಕಾಶ ದೊರೆಯಿತು. 1834ರ ಅಕ್ಟೋಬರ್‌ನಲ್ಲಿ ಸ್ಯಾಮ್ಯುಯೆಲ್ ಹೆಬಿಕ್, ಕ್ರಿಸ್ಟಿಯಾನ್ ಗ್ರೈನರ್ ಮತ್ತು ಯೋಹಾನ್ ಲೇನರ್ ಮಂಗಳೂರಿಗೆ ಬಂದರು. 1836ರಲ್ಲಿ ಮೋಗ್ಲಿಂಗ್ ಬಂದು ಸೇರಿದರು. 1837ರಲ್ಲಿ ಧಾರವಾಡದಲ್ಲೂ ಕೇಂದ್ರ ತೆರೆಯಿತು. ಕಾಕಸಸ್ ಕೈತಪ್ಪಿ, ಆಫ್ರಿಕ ಸುಡುತ್ತಿದ್ದ ಹೊತ್ತಿನಲ್ಲಿ ಬಾಸೆಲ್‌ಗೆ ಕಾಲೂರಲು ನೆಲ ಸಿಕ್ಕಿದ್ದು ಕನ್ನಡ ಕರಾವಳಿಯಲ್ಲಿ.

ಅದು ಬೆಳೆದುದನ್ನು ನೋಡಲು ಬ್ಲೂಮ್‌ಹಾರ್ಟ್ ಉಳಿಯಲಿಲ್ಲ. 1838ರ ಡಿಸೆಂಬರ್‌ನಲ್ಲಿ ಬಾಸೆಲ್‌ನಲ್ಲೇ ನಿಧನರಾದರು. ಮೋಗ್ಲಿಂಗ್ ಅವರ ‘ಮಂಗಳೂರ ಸಮಾಚಾರ’ ಹೊರಬರಲು ಇನ್ನೂ ಐದು ವರ್ಷಗಳಿದ್ದವು. 1850ರಲ್ಲಿ ಶಾಲೆಯ ಚುಕ್ಕಾಣಿ ಹಿಡಿದ ಯೋಸೆಫ್ ಯೋಸೆನ್‌ಹಾನ್ಸ್ ಬಿಗಿ ಶಿಸ್ತಿನವರು. ಅವರ ಕೈಕೆಳಗೆ ಓದಿದ ಕಿಟೆಲ್ 1853ರಲ್ಲಿ ಭಾರತಕ್ಕೆ ಬಂದರು. ಅವರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಪ್ರಕಟವಾಯಿತು. ಶಾಲೆ 1860ರಲ್ಲಿ ವಿಶಾಲವಾದ ಹೊಸ ಕಟ್ಟಡಕ್ಕೆ ಬದಲಾಯಿತು. 2001ರಲ್ಲಿ ಮಿಶನ್ 21 ಎಂಬ ಸಂಸ್ಥೆ ಬಾಸೆಲ್ ಮಿಶನ್‌ನ ಕೆಲಸವನ್ನು ವಹಿಸಿಕೊಂಡಿತು. ಮಂಗಳೂರು, ಧಾರವಾಡಗಳಿಂದ ಹೋದ ಹಳೆಯ ಪತ್ರಗಳೂ ಛಾಯಾಚಿತ್ರಗಳೂ ಬಾಸೆಲ್‌ನ ಅದರ ದಾಖಲೆ ಭಂಡಾರದಲ್ಲಿವೆ.