ಹೆನ್ರಿ ಐಬಾ

ಹೆನ್ರಿ ಪೇನ್ ಐಬಾ (ಆಗಸ್ಟ್ ೬, ೧೯೦೪ – ಜನವರಿ ೧೫, ೧೯೯೩) ಅಮೆರಿಕ ಸಂಯುಕ್ತ ಸಂಸ್ಥಾನದ ಪ್ರಸಿದ್ಧ ಬ್ಯಾಸ್ಕೆಟ್‌ಬಾಲ್ ತರಬೇತುದಾರರು. ಎದುರಾಳಿ ತಂಡದ ಪ್ರತಿಯೊಬ್ಬ ಆಟಗಾರನಿಗೂ ಒಬ್ಬೊಬ್ಬ ಕಾವಲುಗಾರನನ್ನು ನಿಯೋಜಿಸುವ ಮ್ಯಾನ್-ಟು-ಮ್ಯಾನ್ ರಕ್ಷಣಾ ಪದ್ಧತಿಯನ್ನು ಶಿಸ್ತಿನಿಂದ ಕಲಿಸಿದವರೆಂದು ಅವರು ಹೆಸರಾಗಿದ್ದಾರೆ. ಸತತ ಎರಡು ವರ್ಷ ಎನ್‌ಸಿಎಎ ರಾಷ್ಟ್ರೀಯ ಕಾಲೇಜು ಪ್ರಶಸ್ತಿ ಗೆದ್ದ ಮೊದಲ ತರಬೇತುದಾರರೂ ಅವರೇ.

ಜನನ ಮತ್ತು ಆರಂಭಿಕ ವೃತ್ತಿ

ಐಬಾ ಅವರು ಮಿಸ್ಸೌರಿ ರಾಜ್ಯದ ಈಸ್ಟನ್ ಎಂಬ ಸಣ್ಣ ಊರಿನಲ್ಲಿ ಜನಿಸಿದರು. ಅದೇ ರಾಜ್ಯದ ವೆಸ್ಟ್‌ಮಿನ್‌ಸ್ಟರ್ ಕಾಲೇಜಿನಲ್ಲಿ ಓದುತ್ತಿದ್ದಾಗ ಬ್ಯಾಸ್ಕೆಟ್‌ಬಾಲ್ ಆಡಿದರು. ಒಕ್ಲಹಾಮಾ ನಗರದ ಕ್ಲಾಸೆನ್ ಪ್ರೌಢಶಾಲೆಯಲ್ಲಿ ತರಬೇತುದಾರರಾಗಿ ವೃತ್ತಿ ಆರಂಭಿಸಿ, ಮೇರಿವಿಲ್‌ನ ಶಿಕ್ಷಕರ ಕಾಲೇಜಿನಲ್ಲಿ ೧೯೨೯ರಿಂದ ೧೯೩೩ರವರೆಗೆ ಕೆಲಸ ಮಾಡಿದರು. ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಒಂದು ವರ್ಷ ಕಳೆದು, ೧೯೩೪ರಲ್ಲಿ ಸ್ಟಿಲ್‌ವಾಟರ್‌ನ ಒಕ್ಲಹಾಮಾ ಎ ಆಂಡ್ ಎಂ ಕಾಲೇಜನ್ನು ಸೇರಿದರು. ೧೯೫೭ರಲ್ಲಿ ಒಕ್ಲಹಾಮಾ ಸ್ಟೇಟ್ ವಿಶ್ವವಿದ್ಯಾಲಯವೆಂದು ಹೆಸರು ಬದಲಿಸಿಕೊಂಡ ಆ ಸಂಸ್ಥೆಯಲ್ಲೇ ಅವರು ೧೯೭೦ರವರೆಗೆ, ಒಟ್ಟು ೩೬ ವರ್ಷ, ಸೇವೆ ಸಲ್ಲಿಸಿದರು.

ರಕ್ಷಣಾ ತರಬೇತಿ

ಒಬ್ಬನ ಎದುರು ಒಬ್ಬ ನಿಂತು ಕಾಯುವ ವಿದ್ಯೆಗೆ ಕಾಲುಗಳೇ ಆಧಾರ. ಕಾವಲುಗಾರನು ಮೊಣಕಾಲು ಬಗ್ಗಿಸಿ, ಎದುರಾಳಿಗೂ ಬುಟ್ಟಿಗೂ ನಡುವೆ ನಿಂತು, ಕಾಲುಗಳನ್ನು ಒಂದಕ್ಕೊಂದು ಅಡ್ಡ ಹಾಕದೆ ಪಕ್ಕಕ್ಕೆ ಜಾರಿಸುತ್ತ ಚಲಿಸಬೇಕು. ಆತುರಪಟ್ಟು ಚೆಂಡಿಗೆ ಕೈಹಾಕಿದರೆ ತೋಲ ತಪ್ಪುತ್ತದೆ, ಇಲ್ಲವೇ ಫೌಲ್ ಆಗುತ್ತದೆ. ಅಂಕಣದ ನಡುಭಾಗವನ್ನು ಬಿಟ್ಟುಕೊಡದೆ ಎದುರಾಳಿಯನ್ನು ಅಂಚಿನ ಗೆರೆಯತ್ತ ತಳ್ಳುವುದು ಈ ವಿದ್ಯೆಯ ಗುರಿ.

ಐಬಾ ಅವರು ಈ ಮೂಲಪಾಠಗಳನ್ನು ದೀರ್ಘ ಹಾಗೂ ಕಠಿಣ ಅಭ್ಯಾಸದಿಂದ ಮೈಗೂಡಿಸುತ್ತಿದ್ದರು. ಆದರೆ ವೈಯಕ್ತಿಕ ಕಾವಲನ್ನು ತಂಡದ ಹೊಣೆಯಿಂದ ಅವರು ಬೇರ್ಪಡಿಸಲಿಲ್ಲ. ಚೆಂಡು ಯಾವ ಕಡೆಗೆ ಸಾಗುತ್ತದೆಯೋ ಐವರೂ ಆ ಕಡೆಗೆ ವಾಲಿ ದಾರಿ ಮುಚ್ಚುತ್ತಿದ್ದರು. ಕದವೊಂದು ತಿರುಗಿದಂತೆ ಕಾಣುವ ಈ ಪದ್ಧತಿಗೆ ಸ್ವಿಂಗಿಂಗ್ ಗೇಟ್ ಎಂಬ ಹೆಸರು ಬಂದಿತು. ಅಂದಿನ ಕಾಲೇಜು ಆಟದಲ್ಲಿ ಇಂತಿಷ್ಟು ಸೆಕೆಂಡುಗಳೊಳಗೆ ಚೆಂಡೆಸೆಯಬೇಕೆಂಬ ನಿಯಮವಿರಲಿಲ್ಲ. ಆದ್ದರಿಂದ ಅವರ ತಂಡ ಆಕ್ರಮಣದಲ್ಲಿಯೂ ತಾಳ್ಮೆಯಿಂದ ಚೆಂಡನ್ನು ಕೈಯಿಂದ ಕೈಗೆ ದಾಟಿಸುತ್ತ ಖಚಿತ ಅವಕಾಶಕ್ಕಾಗಿ ಕಾಯುತ್ತಿತ್ತು.

ರಾಷ್ಟ್ರೀಯ ಪ್ರಶಸ್ತಿಗಳು

ಏಳು ಅಡಿ ಎತ್ತರದ ಬಾಬ್ ಕರ್ಲ್ಯಾಂಡ್ ಐಬಾ ಅವರ ಹೆಸರಾಂತ ಶಿಷ್ಯ. ಬುಟ್ಟಿಯತ್ತ ಇಳಿಯುತ್ತಿರುವ ಚೆಂಡನ್ನು ಮೇಲೆಯೇ ತಡೆಯುವುದು ಅವರಿಗೆ ಸುಲಭವಾಗಿತ್ತು. ಹೀಗೆ ತಡೆಯುವುದನ್ನು ೧೯೪೪–೪೫ರ ಋತುವಿನಿಂದ ನಿಷೇಧಿಸಲಾಯಿತು. ಆ ಅನುಕೂಲ ಕೈತಪ್ಪಿದ ಋತುವಿನಲ್ಲೇ ತಂಡವು ನ್ಯೂಯಾರ್ಕ್ ವಿಶ್ವವಿದ್ಯಾಲಯವನ್ನು ೪೯–೪೫ರಿಂದ ಸೋಲಿಸಿ ರಾಷ್ಟ್ರೀಯ ಪ್ರಶಸ್ತಿ ಪಡೆಯಿತು. ೧೯೪೬ರಲ್ಲಿ ನಾರ್ತ್ ಕೆರೊಲಿನಾ ತಂಡವನ್ನು ೪೩–೪೦ರಿಂದ ಮಣಿಸಿ ಪ್ರಶಸ್ತಿಯನ್ನು ಉಳಿಸಿಕೊಂಡಿತು. ೧೯೪೯ರ ಅಂತಿಮ ಪಂದ್ಯದಲ್ಲಿ ಮಾತ್ರ ಕೆಂಟಕಿ ತಂಡಕ್ಕೆ ಸೋತಿತು.

ಒಲಿಂಪಿಕ್ಸ್ ಮತ್ತು ಮ್ಯೂನಿಕ್ ವಿವಾದ

ಐಬಾ ಅವರು ಮೂರು ಒಲಿಂಪಿಕ್ಸ್‌ಗಳಲ್ಲಿ ಅಮೆರಿಕ ತಂಡದ ಮುಖ್ಯ ತರಬೇತುದಾರರಾಗಿದ್ದರು. ೧೯೬೪ರ ಟೋಕಿಯೊ ಹಾಗೂ ೧೯೬೮ರ ಮೆಕ್ಸಿಕೊ ಕೂಟಗಳಲ್ಲಿ ತಂಡ ಚಿನ್ನ ಗೆದ್ದಿತು. ೧೯೭೨ರ ಮ್ಯೂನಿಕ್ ಕೂಟದ ಅಂತಿಮ ಪಂದ್ಯದಲ್ಲಿ ಡಗ್ ಕಾಲಿನ್ಸ್ ಅವರ ಎರಡು ಫ್ರೀ ಥ್ರೋಗಳಿಂದ ಅಮೆರಿಕ ೫೦–೪೯ರ ಮುನ್ನಡೆ ಪಡೆಯಿತು. ಗಡಿಯಾರದ ಗೊಂದಲದಿಂದ ಕೊನೆಯ ಮೂರು ಸೆಕೆಂಡುಗಳನ್ನು ಮತ್ತೆ ಮತ್ತೆ ಆಡಿಸಲಾಯಿತು. ಕೊನೆಯ ಯತ್ನದಲ್ಲಿ ಅಲೆಕ್ಸಾಂಡರ್ ಬೆಲೊವ್ ಚೆಂಡನ್ನು ಬುಟ್ಟಿಗೆ ಹಾಕಿ, ಸೋವಿಯತ್ ತಂಡಕ್ಕೆ ೫೧–೫೦ರ ಜಯ ದೊರಕಿಸಿದರು. ಒಲಿಂಪಿಕ್ಸ್‌ನಲ್ಲಿ ಅಮೆರಿಕ ಸತತ ೬೩ ಪಂದ್ಯ ಗೆದ್ದ ಮೇಲೆ ಬಂದ ಮೊದಲ ಸೋಲು ಇದು. ಅಮೆರಿಕದ ಮನವಿ ತಿರಸ್ಕೃತವಾಯಿತು. ಆಟಗಾರರು ಬೆಳ್ಳಿ ಪದಕವನ್ನು ಸ್ವೀಕರಿಸಲಿಲ್ಲ.

ತೀರ್ಪಿನ ವಿರುದ್ಧ ಕೇಳಿಬಂದಷ್ಟೇ ಟೀಕೆ ಐಬಾ ಅವರ ನಿಧಾನಗತಿಯ ಆಟದ ಮೇಲೂ ಬಂದಿತು. ಚುರುಕಾದ ಯುವ ಆಟಗಾರರಿಗೆ ಓಡಿ ಆಡಲು ಅವರು ಅವಕಾಶ ನೀಡಲಿಲ್ಲವೆಂದು ಹಲವರು ಆಕ್ಷೇಪಿಸಿದರು.

ಗೌರವ ಮತ್ತು ಪರಂಪರೆ

೧೯೬೯ರಲ್ಲಿ ನೈಸ್ಮಿತ್ ಬ್ಯಾಸ್ಕೆಟ್‌ಬಾಲ್ ಹಾಲ್ ಆಫ್ ಫೇಮ್‌ಗೆ ಐಬಾ ಅವರನ್ನು ಸೇರಿಸಲಾಯಿತು. ನಿವೃತ್ತಿಯ ವೇಳೆಗೆ ಅವರ ಕಾಲೇಜು ಗೆಲುವುಗಳ ಸಂಖ್ಯೆ ೭೫೦ನ್ನು ದಾಟಿತ್ತು. ಸ್ಟಿಲ್‌ವಾಟರ್‌ನ ಗ್ಯಾಲಗರ್ ಹಾಲ್ ಕ್ರೀಡಾಂಗಣವು ೧೯೮೭ರಿಂದ ಗ್ಯಾಲಗರ್-ಐಬಾ ಅರೀನಾ ಎನಿಸಿಕೊಂಡಿದೆ.

ಅವರ ಶಿಷ್ಯ ಡಾನ್ ಹ್ಯಾಸ್ಕಿನ್ಸ್ ೧೯೬೬ರ ಅಂತಿಮ ಪಂದ್ಯಕ್ಕೆ ಐವರು ಕಪ್ಪು ವರ್ಣೀಯರನ್ನು ಆರಂಭಿಕ ಆಟಗಾರರಾಗಿ ಇಳಿಸಿ, ಟೆಕ್ಸಾಸ್ ವೆಸ್ಟರ್ನ್ ತಂಡಕ್ಕೆ ರಾಷ್ಟ್ರೀಯ ಪ್ರಶಸ್ತಿ ತಂದರು. ಮತ್ತೊಬ್ಬ ಶಿಷ್ಯ ಎಡ್ಡಿ ಸಟನ್ ೧೯೯೦ರಲ್ಲಿ ಗುರುವಿನ ಸ್ಥಾನಕ್ಕೇ ತರಬೇತುದಾರರಾಗಿ ಬಂದರು. ೧೯೮೪ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಅಮೆರಿಕ ಚಿನ್ನ ಗೆದ್ದಾಗ ತರಬೇತುದಾರ ಬಾಬ್ ನೈಟ್, ಆಟಗಾರರಿಂದ ಐಬಾ ಅವರನ್ನು ಹೆಗಲ ಮೇಲೆ ಹೊರಿಸಿದರು. ಮ್ಯೂನಿಕ್ ಸೋಲಾಗಿ ಆಗ ಹನ್ನೆರಡು ವರ್ಷ ಕಳೆದಿತ್ತು. ಐಬಾ ಅವರು ತಮ್ಮ ೮೮ನೆಯ ವಯಸ್ಸಿನಲ್ಲಿ ಸ್ಟಿಲ್‌ವಾಟರ್‌ನಲ್ಲಿ ನಿಧನರಾದರು.