ಕಣಗಿನಹಾಳದ ಸಿದ್ದನಗೌಡ ಪಾಟೀಲ: ಎರೆನಾಡಿನ ಒಕ್ಕಲುತನ ಮತ್ತು ಸಹಕಾರ ಸಂಘಟನೆ

ಗದಗ, ರೋಣ, ನರಗುಂದ ತಾಲೂಕುಗಳನ್ನು ಒಳಗೊಂಡ ಎರೆಭೂಮಿಯ ಬಯಲು ಉತ್ತರ ಕರ್ನಾಟಕದ ಕೃಷಿ ಚರಿತ್ರೆಯಲ್ಲಿ ಒಂದು ವಿಶಿಷ್ಟ ಘಟಕ. ರೋಣ ತಾಲೂಕಿನ ಬೆಳವಣಕಿಯಂತಹ ಊರುಗಳಲ್ಲಿ ಒಕ್ಕಲುತನವೆಂದರೆ ಮುಖ್ಯವಾಗಿ ಹಿಂಗಾರಿಯನ್ನು ನಂಬಿದ ಬದುಕು. ಹತ್ತಿ, ಬಿಳಿಜೋಳ, ಗೋದಿ, ಕಡಲೆ, ಕುಸುಬಿಗಳು ಮಳೆ ನಿಂತ ಮೇಲೆ ಮಣ್ಣು ಹಿಡಿದಿಟ್ಟ ತೇವದಲ್ಲಿಯೇ ಬೆಳೆಯಬೇಕು. ಒಂದು ಮಳೆ ತಪ್ಪಿದರೆ ರೈತನ ಇಡೀ ವರ್ಷದ ಲೆಕ್ಕ ತಪ್ಪುತ್ತದೆ. ಈ ಬಗೆಯ ಭೂಮಿಯಲ್ಲಿ ಸಾಲವು ಆಕಸ್ಮಿಕವಲ್ಲ. ಅದು ಬೇಸಾಯದ ಒಂದು ಅಂಗ. ಸಾಲವನ್ನು ಯಾರು, ಯಾವ ಷರತ್ತಿನ ಮೇಲೆ ಕೊಡುತ್ತಾರೆ ಎಂಬ ಪ್ರಶ್ನೆಯು ಇಲ್ಲಿ ಗ್ರಾಮದ ಅಧಿಕಾರದ ಪ್ರಶ್ನೆಯೂ ಆಗಿತ್ತು. ಇದೇ ಬಯಲಿನ ಗದಗ ತಾಲೂಕಿನ ಕಣಗಿನಹಾಳ ಗ್ರಾಮದ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ (1843–1933) ಬದುಕನ್ನು ಈ ಹಿನ್ನೆಲೆಯಲ್ಲಿ ನೋಡುವುದು ಅಗತ್ಯ.

ಸಿದ್ದನಗೌಡರು ಹುಟ್ಟಿದ ಕಾಲಕ್ಕೆ ಈ ಭಾಗ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಗೆ ಸೇರಿತ್ತು. ನರಗುಂದದ ಬಾಬಾಸಾಹೇಬರ ಬಂಡಾಯ ನಡೆದ 1858ರಲ್ಲಿ ಅವರು ಹದಿನೈದರ ಹುಡುಗ. ರೈತವಾರಿ ಪದ್ಧತಿಯಲ್ಲಿ ಪಾಟೀಲಕಿಯ ಸ್ಥಾನವು ದ್ವಂದ್ವದಿಂದ ಕೂಡಿದ್ದಾಗಿತ್ತು. ಪಾಟೀಲನು ಊರಿನ ಹಿರಿಯನೂ ಹೌದು, ಸರಕಾರದ ಕಂದಾಯವನ್ನು ಕೂಡಿಸಿಕೊಡುವ ವತನದಾರನೂ ಹೌದು. ಬರಗಾಲದಲ್ಲಿ ರೈತನ ಮನೆಯ ಮುಂದೆ ಕಂತಿಗಾಗಿ ನಿಲ್ಲಬೇಕಾದವನು ಆತನೇ. ಇಂತಹ ಮನೆತನದಿಂದ ಬಂದವರೊಬ್ಬರು ಊರಿನ ಸಾಲದ ಹೊಣೆಯನ್ನು ಒಕ್ಕಲಿಗರೊಂದಿಗೆ ಹಂಚಿಕೊಳ್ಳಲು ಮುಂದಾದರು ಎಂಬುದೇ ಈ ಜೀವನದ ಮುಖ್ಯ ಸಂಗತಿ.

ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಧಾರವಾಡ ಸೀಮೆಯ ಹತ್ತಿ ದೂರದ ಮಾರುಕಟ್ಟೆಗೆ ಅಂಟಿಕೊಂಡಿತು. 1840ರ ದಶಕದಿಂದ ಹಬ್ಬಿದ ಧಾರವಾಡ-ಅಮೆರಿಕನ್ ತಳಿ ಹಾಗೂ ನಾಡತಳಿಯ ಹತ್ತಿಗಳು ಎತ್ತಿನ ಬಂಡಿಗಳಲ್ಲಿ ಘಟ್ಟವಿಳಿದು ಕುಮಟಾ ಬಂದರಿಗೆ ಹೋಗುತ್ತಿದ್ದವು. ನಾಡಹತ್ತಿಗೆ ವ್ಯಾಪಾರದಲ್ಲಿ ಕುಮಟಾ ಹತ್ತಿ ಎಂಬ ಹೆಸರೇ ನಿಂತಿತು. ಬೆಳೆದ ನೆಲದ ಹೆಸರಲ್ಲ, ಹಡಗೇರಿದ ಊರಿನ ಹೆಸರು. ಅಮೆರಿಕದ ಅಂತರ್ಯುದ್ಧದ (1861–65) ವರ್ಷಗಳಲ್ಲಿ ಬೆಲೆ ಏರಿತು, ಯುದ್ಧ ಮುಗಿದೊಡನೆ ಇಳಿಯಿತು. 1880ರ ದಶಕದಲ್ಲಿ ರೈಲು ಗದಗನ್ನು ಮುಟ್ಟಿದ ಮೇಲೆ ಹತ್ತಿಯ ದಾರಿ ಬದಲಾಯಿತೇ ಹೊರತು ರೈತನ ಕೈ ಬದಲಾಗಲಿಲ್ಲ. ಬಿತ್ತನೆಗೆ, ಕಂದಾಯಕ್ಕೆ, ಮದುವೆಗೆ ಎಂದು ಸಾಹುಕಾರನಿಂದ ಪಡೆದ ಹಣಕ್ಕೆ ಬೆಳೆಯೇ ಮುಂಗಡವಾಗಿ ಒತ್ತೆಯಾಗುತ್ತಿತ್ತು. ಭೂಮಾಪನ ಮತ್ತು ಪಹಣಿಗಳಿಂದ ಹೊಲಕ್ಕೆ ಸ್ಪಷ್ಟ ಒಡೆತನ ಬಂದದ್ದು ಒಂದರ್ಥದಲ್ಲಿ ರೈತನಿಗೆ ಮುಳುವಾಯಿತು. ಮಾರಬಹುದಾದ ಹೊಲವನ್ನು ಕೋರ್ಟಿನ ಡಿಕ್ರಿಯಿಂದ ಕಸಿಯಲೂಬಹುದಿತ್ತು. 1876–78ರ ಮಹಾಕ್ಷಾಮ, ಶತಮಾನದ ಕೊನೆಯ ಬರಗಳು ಈ ಪ್ರಕ್ರಿಯೆಯನ್ನು ತೀವ್ರಗೊಳಿಸಿದವು. 1883 ಮತ್ತು 1884ರ ಕಾಯಿದೆಗಳಡಿ ಸರಕಾರ ಕೊಡುತ್ತಿದ್ದ ತಗಾವಿ ಸಾಲವು ಕಚೇರಿಯಿಂದ ಕಚೇರಿಗೆ ಅಲೆಯುವವರಿಗೆ ಮಾತ್ರ ದಕ್ಕುವಂಥದ್ದು.

1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಜಾರಿಗೆ ಬಂದಿತು. ಜರ್ಮನಿಯ ರೈಫೈಸನ್ ಮಾದರಿಯನ್ನು ಭಾರತಕ್ಕೆ ಹೊಂದಿಸುವ ಉದ್ದೇಶ ಅದರದು. ಮರುವರ್ಷವೇ, 1905ರ ಮೇ 8ರಂದು, ಕಣಗಿನಹಾಳದ ಕೃಷಿ ಪತ್ತಿನ ಸಹಕಾರ ಸಂಘ ನೋಂದಣಿಯಾಯಿತು. ಆರಂಭದ ಬಂಡವಾಳ 2,000 ರೂಪಾಯಿ. ಅದರ ಸ್ಥಾಪಕರಾದ ಸಿದ್ದನಗೌಡರಿಗೆ ಆಗ ಅರವತ್ತು ದಾಟಿತ್ತು. ಈ ವಯಸ್ಸನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ಯುವ ಸುಧಾರಕರ ಉತ್ಸಾಹದಿಂದಲ್ಲ, ಮೂರು ದೊಡ್ಡ ಬರಗಳನ್ನು ಕಂಡ ಹಿರಿಯರೊಬ್ಬರ ಮುಂದಾಳುತನದಲ್ಲಿ ಈ ಸಂಘ ಹುಟ್ಟಿತು.

ಕಾಯಿದೆಯ ಎರಡು ನಿಯಮಗಳು ಇಲ್ಲಿ ವಿಶೇಷ ವಿವೇಚನೆಗೆ ಅರ್ಹವಾಗಿವೆ. ಗ್ರಾಮೀಣ ಸಂಘದ ಸದಸ್ಯರಲ್ಲಿ ಐದರಲ್ಲಿ ನಾಲ್ಕು ಪಾಲು ಬೇಸಾಯಗಾರರೇ ಇರಬೇಕಿತ್ತು. ಎರಡನೆಯದಾಗಿ, ಸದಸ್ಯರ ಹೊಣೆಗಾರಿಕೆ ಅಪರಿಮಿತವಾಗಿರಬೇಕಿತ್ತು. ಅಂದರೆ ಒಬ್ಬನ ಬಾಕಿಯಿಂದ ಸಂಘ ಮುಳುಗಿದರೆ ಉಳಿದವರೆಲ್ಲರ ಹೊಲಮನೆಗಳೂ ಅದಕ್ಕೆ ಬಾಧ್ಯವಾಗುತ್ತಿದ್ದವು. ಹತ್ತಾರು ಕೂರಿಗೆ ಹೊಲವುಳ್ಳವನಿಗೆ ಇದರಲ್ಲಿ ಲಾಭಕ್ಕಿಂತ ಅಪಾಯವೇ ಹೆಚ್ಚು. ಕಡಿಮೆ ಬಡ್ಡಿಯ ಸಾಲ ಸಣ್ಣ ರೈತನಿಗೆ ಬೇಕಾಗಿತ್ತು. ಆ ಸಾಲಕ್ಕೆ ನಿಜವಾದ ಭದ್ರತೆ ಒದಗುತ್ತಿದ್ದುದು ದೊಡ್ಡ ಹಿಡುವಳಿದಾರನ ಆಸ್ತಿಯಿಂದ. ಪಾಟೀಲರಂಥವರು ಒಳಗೆ ಬಾರದೆ ಇಂತಹ ಸಂಘ ನಿಲ್ಲುವಂತಿರಲಿಲ್ಲ. ಊರಿನವರ ನಡತೆ, ದುಡಿಮೆ, ಎತ್ತು, ಹೊಲಗಳನ್ನು ಬಲ್ಲ ಊರಿನವರೇ ಸಾಲ ಯಾರಿಗೆ ಎಷ್ಟು ಎಂದು ತೀರ್ಮಾನಿಸುವ ಕ್ರಮವೂ ಹೊಸದು. ವಂಶಪಾರಂಪರ್ಯದ ಪಾಟೀಲಕಿಯ ಪಕ್ಕದಲ್ಲಿ ಸದಸ್ಯರು ಆರಿಸಿದ ಸಮಿತಿಯೊಂದು, ಲೆಕ್ಕಪುಸ್ತಕವೊಂದು ಗ್ರಾಮದೊಳಗೆ ಕಾಲಿಟ್ಟವು.

ಆದರೆ ಇದನ್ನು ಗ್ರಾಮ ಪ್ರಜಾಪ್ರಭುತ್ವವೆಂದು ಕರೆಯುವುದು ಆತುರವಾದೀತು. ಅಪರಿಮಿತ ಹೊಣೆಯಿದ್ದಲ್ಲಿ ಹೊಲವಿಲ್ಲದವನನ್ನು ಸದಸ್ಯನಾಗಿ ಸೇರಿಸಿಕೊಳ್ಳಲು ಉಳಿದವರು ಹಿಂಜರಿಯುವುದು ಸಹಜ. ಒಂದೇ ಊರಿನ ಅಥವಾ ಒಂದೇ ಜಾತಿ, ವರ್ಗದವರು ಕೂಡಿ ಸಂಘ ಕಟ್ಟಬಹುದೆಂದು ಕಾಯಿದೆಯೇ ಹೇಳುತ್ತಿತ್ತು. ಹತ್ತಿ ಬಿಡಿಸುವ ಹೆಣ್ಣಾಳು, ಜೀತದಾಳುಗಳಿಗೆ ಈ ಸಾಲದ ಬಾಗಿಲು ತೆರೆದಿರಲಿಲ್ಲ. ಸಿದ್ದನಗೌಡರನ್ನು ಸಹಕಾರ ಪಿತಾಮಹರೆಂದು ಗೌರವಿಸುವ ಬರಹಗಳು ಈ ಮಿತಿಯನ್ನು ಪ್ರಸ್ತಾಪಿಸುವುದು ಅಪರೂಪ.

ಆ ಬರಹಗಳಲ್ಲಿ ಕಣಗಿನಹಾಳದ ಸಂಘವನ್ನು ಏಷ್ಯಾದಲ್ಲಿಯೇ ಮೊದಲನೆಯದೆಂದು ಹೇಳುವ ರೂಢಿಯಿದೆ. ಬರೋಡದ ಅನ್ಯೋನ್ಯ ಸಹಕಾರಿ ಮಂಡಳಿ 1889ರದು. ಜಪಾನಿನಲ್ಲಿ 1900ರಲ್ಲಿಯೇ ಸಹಕಾರಿ ಕಾಯಿದೆ ಬಂದಿತ್ತು. ತಮಿಳುನಾಡಿನ ತಿರೂರಿನವರೂ 1904ರ ಹಕ್ಕು ಹೇಳುತ್ತಾರೆ. 1904ರ ಕಾಯಿದೆಯಡಿ ನೋಂದಾಯಿತವಾದ ಮೊದಮೊದಲ ಕೃಷಿ ಸಂಘಗಳಲ್ಲಿ ಒಂದು ಎಂದರೂ ಸಿದ್ದನಗೌಡರ ಕೆಲಸ ಕಿರಿದಾಗುವುದಿಲ್ಲ. ಮೊದಲಿಗತನದ ಚರ್ಚೆಯಲ್ಲಿ ಎರೆನಾಡಿನ ಆರ್ಥಿಕ ಸ್ಥಿತಿಯೇ ಮರೆಗೆ ಸರಿಯುತ್ತದೆ ಎಂಬುದು ಹೆಚ್ಚು ಚಿಂತೆಯ ವಿಷಯ.

ಮುಂದಿನ ಬೆಳವಣಿಗೆ ಸಾಲದಿಂದ ಮಾರಾಟದ ಕಡೆಗೆ ಸಾಗಿತು. ಧಾರವಾಡದಲ್ಲಿ 1916ರಲ್ಲಿ ಕರ್ನಾಟಕ ಸೆಂಟ್ರಲ್ ಕೋ-ಆಪರೇಟಿವ್ ಬ್ಯಾಂಕು, ಗದಗಿನಲ್ಲಿ 1917ರಲ್ಲಿ ಸಹಕಾರಿ ಹತ್ತಿ ಮಾರಾಟ ಸಂಘ ಸ್ಥಾಪನೆಯಾದವು. ಸಾಲ ಕೊಟ್ಟವನಿಗೇ ಹತ್ತಿ ಮಾರಬೇಕಾದ ಕಟ್ಟು ಸಡಿಲಗೊಳ್ಳಲು ಸಾಲ ಮತ್ತು ಮಾರಾಟ ಎರಡೂ ಬೇಕು ಎಂಬುದನ್ನು ಹತ್ತು ವರ್ಷಗಳ ಅನುಭವ ಕಲಿಸಿತ್ತು. 1925ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಪ್ರತ್ಯೇಕ ಸಹಕಾರ ಕಾಯಿದೆ ಬಂದಿತು. 1929ರ ನಂತರದ ಮುಗ್ಗಟ್ಟಿನಲ್ಲಿ ಹತ್ತಿಯ ಬೆಲೆ ಕುಸಿದು ಪ್ರಾಂತ್ಯದ ಪತ್ತಿನ ಸಂಘಗಳಲ್ಲಿ ಬಾಕಿ ಬೆಳೆಯತೊಡಗಿತು. ಸಿದ್ದನಗೌಡರು 1933ರಲ್ಲಿ ತಮ್ಮ ತೊಂಬತ್ತನೆಯ ವಯಸ್ಸಿನ ಸುಮಾರಿಗೆ ತೀರಿಕೊಂಡಾಗ ಆ ಮುಗ್ಗಟ್ಟು ಇನ್ನೂ ಮುಗಿದಿರಲಿಲ್ಲ.