ಕಾಯುವುದೂ ಪಯಣವೇ

ಡಿಗ್ರಿ ಮುಗಿಸಿ ಕಡೂರಿನಲ್ಲಿ ಕೆಲಸಕ್ಕೆ ಕಾಯುತ್ತಿರುವ ನನ್ನನ್ನು ವಾಸ್ಕೋ ಡ ಗಾಮನ ಬದುಕಿನಲ್ಲಿ ಹೆಚ್ಚು ಕಾಡಿದ್ದು ಕಲ್ಲಿಕೋಟೆಯಲ್ಲ, ಕಾರವಾರದ ಬಳಿಯ ಅಂಜುದೀವ್ ದ್ವೀಪ. 1498ರಲ್ಲಿ ಪೋರ್ಚುಗಲ್‌ಗೆ ಮರಳುವಾಗ ಆತ ಇಲ್ಲಿ ಲಂಗರು ಹಾಕಿದ. ದಡದಲ್ಲಿ ಸಿಹಿನೀರಿತ್ತು, ಹಾಯಿಹಡಗುಗಳ ತಳ ಉಜ್ಜಿ ದುರಸ್ತಿ ಮಾಡಲು ಜಾಗವಿತ್ತು. ಆದರೆ ದಾಳಿಯ ಭೀತಿಯೂ ಇತ್ತು. ಈಶಾನ್ಯ ಮಾರುತಕ್ಕೆ ಕಾಯದೆ ಅಕ್ಟೋಬರ್ 5ರಂದು ಹೊರಟೇಬಿಟ್ಟ. ಬರುವಾಗ ತಿಂಗಳೊಳಗೆ ದಾಟಿದ್ದ ಕಡಲನ್ನು ಮರಳಿ ದಾಟಲು ಸುಮಾರು ಮೂರು ತಿಂಗಳು ಹಿಡಿಯಿತು. ಸ್ಕರ್ವಿ ರೋಗಕ್ಕೆ ಸುಮಾರು 30 ನಾವಿಕರು ಬಲಿಯಾದರು. ಮುಂದೆ ವೈಸರಾಯ್ ಆಗಿ ಬಂದ ಆತ 1524ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡ.

ಆತನ ಕ್ರೌರ್ಯ ನಮಗೆ ಮಾದರಿಯಲ್ಲ. ಆದರೆ ಆ ದ್ವೀಪ ಪಾಠ ಹೇಳುತ್ತದೆ. ಮನೆಯೆಂಬ ಸುರಕ್ಷಿತ ಬಂದರು ಇರುವಷ್ಟು ದಿನ, ಸ್ನೇಹಿತರೇ, ಅವಸರಪಡದೆ ನಮ್ಮ ಹಡಗನ್ನು ಸಜ್ಜುಗೊಳಿಸೋಣ.